ರಾಜಾತಕ್ಕನ ಪಾವು, ಹಯಗ್ರೀವರ ಟಾರ್ಚು

ರಾಜಾತಕ್ಕ ಯಾವ ವಸ್ತುವನ್ನೂ ಮೊದಲ ನೋಟಕ್ಕೆ ಹೊಗಳಿದವಳಲ್ಲ. ಮಗ ಇಳಂಗೋ ಮಿಕ್ಸಿ ತಂದ ದಿನ ಅದರ ಸದ್ದು ಕೇಳಿ, ಒಂದು ಹಿಡಿ ಚಟ್ನಿ ಅರೆಯುವುದಕ್ಕೇ ಇಷ್ಟು ಅಳುವ ಇದು ಹೆರಬೇಕಾಗಿ ಬಂದರೆ ಏನು ಮಾಡೀತು ಎಂದು ಕೇಳಿದ್ದಳು. ಸೊಸೆ ಶರಣ್ಯ ಫೋನು ನೋಡಿ ಇವತ್ತು ಮಳೆಯಿಲ್ಲ ಎಂದರೆ, ಅತ್ತೆ ಅಂಗಳಕ್ಕಿಳಿದು ಒಮ್ಮೆ ಮೂಗೆಳೆದು ಒಣಗಿದ ಬಟ್ಟೆಯನ್ನೆಲ್ಲ ಒಳಗೆ ತರುತ್ತಿದ್ದಳು. ಎಡಗಣ್ಣಿನ ಪೊರೆ ತೆಗೆಸಿಕೊಂಡು ಬಂದಾಗ, ಈಗ ಚೆನ್ನಾಗಿ ಕಾಣುತ್ತದೆಯೇ ಎಂದು ಬೀದಿಯವರು ವಿಚಾರಿಸಿದರು.

“ಕಾಣ್ತದೆ,” ಎಂದಳು. “ನಿಮ್ ಮೊಕ ಎಲ್ಲಾ ಮುಂಚೆ ಕಾಣ್ದೆ ಇದ್ದಾಗ್ಲೇ ಚೆಂದಾಗಿತ್ತು.”

ಅವಳು ಹುಟ್ಟಿದ್ದು ಪಾಪಿರೆಡ್ಡಿಪಟ್ಟಿಯ ಕಡೆ. ಅಪ್ಪನಿಗೆ ಎರಡು ಮಗ್ಗ, ಮನೆಯ ಹಿಂದೆ ಅರ್ಧ ಎಕರೆ ಮರಗೆಣಸು. ಹದಿನೆಂಟನೆಯ ವಯಸ್ಸಿಗೆ ದೊಡ್ಡಮುನಿಯಪ್ಪನ ಹೆಂಡತಿಯಾಗಿ ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಗೆ ಬಂದಳು. ಅವನು ಒಳ್ಳೆಯ ನೇಕಾರ. ಹೆಂಡತಿಯ ಮಾತು ಕೇಳಿಸಿಕೊಳ್ಳುತ್ತಲೇ ನಲವತ್ತು ವರ್ಷ ಲಾಳಿ ಎಸೆದು, ಒಂದು ಮಧ್ಯಾಹ್ನ ಮಗ್ಗದ ಗುಂಡಿಯಲ್ಲಿ ಕೂತಲ್ಲೇ ತೀರಿಕೊಂಡ. ಸಾಯುವಾಗಲೂ ಸದ್ದು ಮಾಡಲಿಲ್ಲ ಆ ಮನುಷ್ಯ ಎಂದು ಬೈದ ರಾಜಾತಕ್ಕ ಆಮೇಲೆ ಎರಡು ದಿನ ಯಾರೊಂದಿಗೂ ಮಾತಾಡಲಿಲ್ಲ.

ಬೀದಿಯ ತುದಿಯಲ್ಲಿ ಬೇವಿನ ಮರಗಳ ಉದ್ದನೆಯ ಬಯಲಿದೆ. ಅದನ್ನು ನಾವು ಪಾವಡಿ ಎನ್ನುತ್ತೇವೆ. ಹಾಸಿನ ನೂಲಿಗೆ, ಎಂದರೆ ಮಗ್ಗದಲ್ಲಿ ಉದ್ದಕ್ಕೆ ನಿಲ್ಲುವ ನೂಲಿಗೆ, ನಮ್ಮಲ್ಲಿ ಪಾವು ಎಂದು ಹೆಸರು. ಅದನ್ನು ಮಗ್ಗಕ್ಕೆ ಏರಿಸುವ ಮೊದಲು ಪಾವಡಿಯಲ್ಲಿ ನಲವತ್ತು ಗಜ ಉದ್ದಕ್ಕೆ, ಸೊಂಟದ ಎತ್ತರದಲ್ಲಿ, ಕವಲುಗೋಲುಗಳ ಮೇಲೆ ಚಾಪೆಯಂತೆ ಬಿಗಿದು ಹರಡಬೇಕು. ಗಂಜಿ ಬಳಿದು, ಇಬ್ಬರು ಎರಡು ಬದಿಯಲ್ಲಿ ನಿಂತು ಕುಂಚಿಗೆ ಎನ್ನುವ ದೊಡ್ಡ ನಾರಿನ ಕುಂಚದಿಂದ ತೀಡುತ್ತಾ ಹೋಗಬೇಕು. ಬಿಸಿಲಿಗೆ ಗಂಜಿ ಬೇಗ ಒಣಗಿ ನೂಲು ಮುರುಟುತ್ತದೆ. ಹಾಗಾಗಿ ಕೋಳಿ ಕೂಗುವ ಹೊತ್ತಿಗೆ ಶುರುಮಾಡಿ, ಸೂರ್ಯ ಮರದ ಮೇಲೆ ಬರುವಷ್ಟರಲ್ಲಿ ಸುತ್ತಿಟ್ಟುಬಿಡುವುದು ವಾಡಿಕೆ. ತೀಡುವಾಗ ಅಲ್ಲೊಂದು ಇಲ್ಲೊಂದು ಎಳೆ ಕಡಿಯುತ್ತದೆ. ಕಡಿದ ಎಳೆಯನ್ನು ಹುಡುಕಿ, ಬೂದಿ ಮುಟ್ಟಿದ ಬೆರಳಿನಿಂದ ಹೊಸೆದು ಸೇರಿಸಬೇಕು. ಒಂದು ಎಳೆ ತಪ್ಪಿದರೂ ಬಟ್ಟೆಯ ಉದ್ದಕ್ಕೂ ಒಂದು ಗೆರೆ ಬೀಳುತ್ತದೆ.

ಈ ಹುಡುಕುವ ಕೆಲಸದಲ್ಲಿ ರಾಜಾತಕ್ಕನನ್ನು ಮೀರಿಸಿದವರು ಬೀದಿಯಲ್ಲಿಲ್ಲ. ಅವಳು ಪಾವಿನ ಕೆಳಗೆ ಕುಕ್ಕರಗಾಲಿನಲ್ಲಿ ಕೂತು, ಕೈಯ ಹಿಂಬದಿಯನ್ನು ನೂಲಿಗೆ ಅಡ್ಡವಾಗಿ ಸವರುತ್ತಾ ಸರಿಯುತ್ತಿದ್ದಳು. ಕಡಿದ ಎಳೆ ಕೆಳಕ್ಕೆ ಜೋತುಬಿದ್ದಿರುತ್ತದೆ. ಉಗುರಿಗೆ ತಗುಲಿದ ಕೂಡಲೇ ಕೈ ನಿಲ್ಲುತ್ತಿತ್ತು. ಕಣ್ಣು ಆಮೇಲೆ ಬಂದು ಸೇರಿಕೊಳ್ಳುತ್ತಿತ್ತು.

ಪ್ರತಿ ವರ್ಷ ನವರಾತ್ರಿಯ ಮೊದಲ ದಿನ ನಮ್ಮ ಗುಡಿಯ ಚೌಡಮ್ಮ ಉಡುವ ನೂಲಿನ ಸೀರೆಯನ್ನು ಬೀದಿಯ ಒಂದು ಮನೆಯವರು ನೇಯುತ್ತಾರೆ. ಹತ್ತೊಂಬತ್ತು ಮನೆಗಳಿವೆ, ವರ್ಷಕ್ಕೊಂದು ಮನೆಯ ಸರದಿ. ಪಾವಿನ ಮೊದಲ ಸೀರೆ ಅಮ್ಮನಿಗೆ. ತೀಡುವುದಕ್ಕೆ, ಹಿಡಿಯುವುದಕ್ಕೆ ಬೀದಿಯವರೆಲ್ಲ ಕೈ ಹಾಕಬಹುದು. ಆದರೆ ಆ ಪಾವಿನಲ್ಲಿ ಕಡಿದ ಎಳೆಯನ್ನು ಆ ಮನೆಯ ಹಿರಿಯ ಹೆಂಗಸೇ, ಹಸಿದ ಹೊಟ್ಟೆಯಲ್ಲಿ, ತನ್ನ ಕೈಯಾರೆ ಸೇರಿಸಬೇಕು. ಗುಡಿಯ ದೀಪದಿಂದ ಹಚ್ಚಿ ತಂದ ಒಂದು ಲಾಂದ್ರ ಪಾವಿನ ತಲೆಯ ಕಡೆ ಉರಿಯುತ್ತಿರಬೇಕು. ಹಿರಿಯವಳಿಗೆ ಆಗದಿದ್ದರೆ, ಪಾವು ಕೆಟ್ಟರೆ, ಸರದಿ ಮುಂದಿನ ಮನೆಗೆ ಹೋಗುತ್ತದೆ. ಈ ಮನೆ ಮತ್ತೆ ಹತ್ತೊಂಬತ್ತು ವರ್ಷ ಕಾಯಬೇಕು.

ಕಳೆದ ಸರದಿಯಲ್ಲಿ ಎಳೆ ಸೇರಿಸಿದವಳು ರಾಜಾತಕ್ಕನ ಅತ್ತೆ. ಆ ಸೀರೆ ಅಮ್ಮನ ಮೈಮೇಲೆ ಏರಿದ್ದನ್ನು ನೋಡಿ, ಮುಂದಿನದು ನಿನ್ನದು ಎಂದು ಸೊಸೆಯ ಕೈ ಹಿಡಿದು ಹೇಳಿ, ಅದೇ ವರ್ಷ ಕಣ್ಣು ಮುಚ್ಚಿದಳು. ಹೀಗೆ ಹತ್ತೊಂಬತ್ತು ವರ್ಷ ಕಾದ ಮೇಲೆ ಈ ಸಲ ರಾಜಾತಕ್ಕನ ಸರದಿ ಬಂತು. ಅವಳಿಗೆ ಅರವತ್ಮೂರು. ಇನ್ನೊಂದು ಸರದಿಯನ್ನು ನೋಡುವ ಭರವಸೆ ಅವಳಿಗಿರಲಿಲ್ಲ.

ಆದರೆ ಅವಳ ಬಲಗಣ್ಣಿನಲ್ಲಿ ಪೊರೆ ಬೆಳೆದಿತ್ತು. ಪೊರೆ ತೆಗೆಸಿದ ಎಡಗಣ್ಣು ಹತ್ತಿರದ್ದನ್ನು ನೋಡುತ್ತಿತ್ತು, ದೂರದ್ದು ಕಲಸಿಹೋಗುತ್ತಿತ್ತು. ಬೀದಿಯ ಯಜಮಾನ ಅಣ್ಣಯ್ಯಪ್ಪನ ಕಿವಿಗೆ ಇದು ಹೇಗೋ ಬಿತ್ತು. ಹೇಗೋ ಏನು, ಮುಂದಿನ ಸರದಿಯ ಪಳನಿಯಪ್ಪನ್ ಮನೆಯವರು ಆಗಲೇ ನೂಲು ತರಿಸಿ ಒಳಗಿಟ್ಟಿದ್ದರು. ಅಣ್ಣಯ್ಯಪ್ಪ ಒಂದು ಸಂಜೆ ಬಂದು ಜಗಲಿಯ ಮೇಲೆ ಕೂತು, ಅಮ್ಮನ ವಿಷಯ, ಒಂದು ಎಳೆ ತಪ್ಪಿದರೂ ಬೀದಿಗೇ ಕೆಟ್ಟ ಹೆಸರು, ನಿನಗೆ ಕಾಣುತ್ತದೆ ಎಂದು ನಾನು ನಾಲ್ಕು ಜನಕ್ಕೆ ಹೇಗೆ ಹೇಳಲಿ ಎಂದೆಲ್ಲ ಸುತ್ತಿ ಬಳಸಿ ಮಾತಾಡಿದ. ಅಮ್ಮನಿಗೆ ಕಾಣುತ್ತದಲ್ಲ ಎಂದಳು ರಾಜಾತಕ್ಕ. ಯಜಮಾನನಿಗೆ ಆ ಉತ್ತರ ಸಾಕಾಗಲಿಲ್ಲ.

ಆಗ ಇಳಂಗೋ ಬಾಯಿಬಿಟ್ಟ. ತನಗೆ ಗೊತ್ತಿರುವ ಒಬ್ಬರ ಬಳಿ ಒಂದು ಟಾರ್ಚಿದೆ, ಅದನ್ನು ಹಚ್ಚಿದರೆ ಪಾವಡಿಯಲ್ಲಿ ಸೂಜಿ ಬಿದ್ದರೂ ಕಾಣುತ್ತದೆ ಎಂದ. ಅಣ್ಣಯ್ಯಪ್ಪನ ಮುಖ ಅರಳಿತು. ಅಂಥ ಬೆಳಕಿದ್ದರೆ ಯಾರೂ ಏನೂ ಅನ್ನುವಂತಿಲ್ಲ, ಟಾರ್ಚು ಬರಲಿ, ಇಲ್ಲವಾದರೆ ಸರದಿ ಪಳನಿಯಪ್ಪನ್ ಮನೆಗೆ ಎಂದು ತೀರ್ಮಾನ ಮಾಡಿ, ಕಾಫಿ ಕುಡಿದು ಎದ್ದುಹೋದ.

ಟಾರ್ಚಿನ ಒಡೆಯ ಹಯಗ್ರೀವರು. ಎರಡು ಬಸ್‌ ಸ್ಟಾಪಿನಾಚೆ ಅವರ ಮನೆ. ವಿಮಾ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಕೂತು ನಿವೃತ್ತರಾದ ಮೇಲೆ, ವಸ್ತುಗಳನ್ನು ಪರೀಕ್ಷೆ ಮಾಡಿ ಮಾರ್ಕು ಕೊಡುವ ಕೆಲಸ ಹಿಡಿದಿದ್ದರು. ಅದನ್ನೆಲ್ಲ ವೀಡಿಯೋ ಮಾಡಿ ಫೋನಿನಲ್ಲಿ ಹಾಕುತ್ತಿದ್ದರು. ನೋಡುವವರು ಇನ್ನೂರ ಹನ್ನೆರಡು ಜನ ಎಂದು ಅವರೇ ಹೇಳುತ್ತಿದ್ದರು. ಅವರ ಮನೆಯ ಕೊಡೆಗೆ ಐದಕ್ಕೆ ಮೂರು ಬಂದಿತ್ತು, ಕುಕ್ಕರಿಗೆ ನಾಲ್ಕು, ಸ್ವಂತ ತಮ್ಮ ಕೃಷ್ಣಪ್ರಸಾದನ ಹೊಸ ಮನೆಗೆ ಎರಡೂವರೆ. ಆಮೇಲೆ ಆ ತಮ್ಮ ಇವರನ್ನು ಊಟಕ್ಕೆ ಕರೆಯುವುದನ್ನು ಬಿಟ್ಟ. ಅದನ್ನೂ ಹಯಗ್ರೀವರು ನಿಷ್ಪಕ್ಷಪಾತಕ್ಕೆ ತೆತ್ತ ಬೆಲೆ ಎಂದು ಲೆಕ್ಕ ಹಿಡಿದರು.

ಟಾರ್ಚನ್ನು ಯಾವುದೋ ಕಂಪನಿ ಅವರಿಗೆ ಪರೀಕ್ಷೆಗೆಂದು ಕಳಿಸಿತ್ತು. ಮುಷ್ಟಿಯೊಳಗೆ ಮುಚ್ಚಿಹೋಗುವಷ್ಟು ಚಿಕ್ಕದು, ಕಪ್ಪಗೆ, ಭಾರವಾಗಿತ್ತು. ಅವರು ಅದನ್ನು ಮಾಳಿಗೆಯಿಂದ ಕೆಳಗೆ ಬೀಳಿಸಿದ್ದರು, ಬಕೆಟ್ಟಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದ್ದರು. ಓಮಲೂರು ರಸ್ತೆಯ ಪಕ್ಕದ ಹೊಲದಲ್ಲಿ ನಿಂತು, ದೂರದ ಮರದಲ್ಲಿ ಮಲಗಿದ್ದ ಕೊಕ್ಕರೆಗಳನ್ನೆಲ್ಲ ಎಬ್ಬಿಸಿ, ಬೆಳಕು ಮುನ್ನೂರು ಮೀಟರ್ ತಲುಪುತ್ತದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರು. ಕೊಕ್ಕರೆಗಳ ಅಭಿಪ್ರಾಯವನ್ನು ಬರೆದುಕೊಂಡಿರಲಿಲ್ಲ. ಬಯಲಿನಲ್ಲಿ ನಿಜವಾಗಿ ಕೆಲಸ ಮಾಡುವವರ ಕೈಯಲ್ಲಿ ಅದು ಹೇಗೆ ನಡೆಯುತ್ತದೆ ಎನ್ನುವ ಒಂದು ಪುಟ ಮಾತ್ರ ಖಾಲಿ ಉಳಿದಿತ್ತು. ಇಳಂಗೋ ಹೋಗಿ ಕೇಳಿದಾಗ ಅವರು ಅಂಗಿ ಹಾಕಿಕೊಂಡು ಅವನ ಹಿಂದೆಯೇ ಬಂದರು.

ಜಗಲಿಯ ಮೇಲೆ ಕೂತು ಅವರು ವಿವರಿಸಿದರು. ಇದರಲ್ಲಿ ಐದು ಹಂತವಿದೆ, ಕೊನೆಯ ಹಂತದ ಹೆಸರು ಟರ್ಬೋ, ಆಗ ನಾಲ್ಕು ಸಾವಿರ ಲೂಮೆನ್ ಬೆಳಕು ಬರುತ್ತದೆ ಎಂದರು. ಲೂಮೆನ್ ಎಂದರೇನು ಎಂದು ರಾಜಾತಕ್ಕ ಕೇಳಿದಳು. ಬೆಳಕಿನ ಅಳತೆ ಎಂದರು.

“ಸೇರಿನ ಲೆಕ್ಕನಾ ಸಾರ್, ಮಾರಿನ ಲೆಕ್ಕನಾ?”

“ಹಾಗಲ್ಲಮ್ಮ. ಅದು ವಿಜ್ಞಾನ.”

“ಅಂಗಾರೆ ಅಳೆಯೋಕೆ ಆಗಾಕಿಲ್ಲ ಅನ್ನಿ,” ಎಂದು ಅವಳು ಒಳಗೆದ್ದು ಹೋದಳು. ಅಡಿಗೆಮನೆಯಲ್ಲಿ ಶರಣ್ಯಳಿಗೆ, ಬಿಟ್ಟಿ ಬಂದ ಟಾರ್ಚನ್ನು ಹಿಡಿದುಕೊಂಡು ಊರು ಸುತ್ತುವ ಮನುಷ್ಯ ಅಮ್ಮನ ಪಾವಿಗೆ ಬೆಳಕು ಕೊಡುತ್ತಾನಂತೆ ಎಂದು ಮೆಲ್ಲಗೆ ಹೇಳಿದಳಂತೆ. ಮೆಲ್ಲಗೆ ಎಂದರೆ, ಪಕ್ಕದ ನಮ್ಮ ಮನೆಗೂ ಕೇಳಿಸಿತ್ತು. ಆದರೆ ಬೇಡ ಎನ್ನುವ ಹಾಗಿರಲಿಲ್ಲ. ಬೇಡ ಎಂದರೆ ಸರದಿ ಹೋಗುತ್ತಿತ್ತು.

ಪಾವು ಹಾಸುವ ಹಿಂದಿನ ಸಂಜೆ ಒಂದು ಗಂಟೆ ಜೋರು ಮಳೆ ಬಂದು ನಿಂತಿತು. ಬೆಳಗಿನ ಹೊತ್ತಿಗೆ ಆಕಾಶ ತಿಳಿಯಾಗಿತ್ತು, ನೆಲ ಮಾತ್ರ ಬೆಚ್ಚಗೆ ಹಬೆಯಾಡುತ್ತಿತ್ತು. ನಾಲ್ಕೂವರೆಗೆ ಬೀದಿಯ ಹತ್ತು ಹನ್ನೆರಡು ಜನ ಪಾವಡಿಯಲ್ಲಿ ಸೇರಿದೆವು. ರಾಜಾತಕ್ಕ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲನ್ನು ಗಂಟು ಕಟ್ಟಿ, ಗುಡಿಯಿಂದ ಲಾಂದ್ರವನ್ನು ತಾನೇ ಹಿಡಿದು ತಂದು ಪಾವಿನ ತಲೆಯ ಕಡೆ ಗೂಟಕ್ಕೆ ತೂಗುಹಾಕಿ ಕೈಮುಗಿದಳು. ಬೀದಿಯ ಕಂಬದ ಬೆಳಕು ಬೇವಿನ ಮರಗಳನ್ನು ದಾಟಿ ಅಲ್ಲಿಗೆ ಬರುವುದಿಲ್ಲ. ನಮ್ಮ ಹಿರಿಯರಾಗಲಿ ನಾವಾಗಲಿ ಲಾಂದ್ರಕ್ಕಿಂತ ದೊಡ್ಡ ದೀಪವನ್ನು ಪಾವಿನ ಹತ್ತಿರ ತಂದವರೇ ಅಲ್ಲ. ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

ಹಯಗ್ರೀವರು ಓಡಾಡುವ ಬೂಟು ಹಾಕಿಕೊಂಡು ಬಂದಿದ್ದರು. ಪಾವಿನ ನಡುಮಧ್ಯದಲ್ಲಿ ಬಾಗಿದ್ದ ಬೇವಿನ ಕೊಂಬೆಗೆ ದಾರದಿಂದ ಟಾರ್ಚನ್ನು ಕಟ್ಟಿಸಿ, ಫೋನನ್ನು ಎದುರು ಮರಕ್ಕೆ ಆನಿಸಿ, ಇಂದಿನ ದಿನಾಂಕವನ್ನೂ ತಮ್ಮ ಹೆಸರನ್ನೂ ಅದಕ್ಕೆ ಹೇಳಿ, ಗುಂಡಿ ಒತ್ತಿದರು.

ಪಾವಡಿ ಹಗಲಾಯಿತು. ಗೋಡೆಯ ಮೇಲಿನ ಹಳೆಯ ಚುನಾವಣೆಯ ಬರಹವನ್ನು ಓದಬಹುದಿತ್ತು. ಮರದ ಕಾಗೆಗಳು ಎದ್ದು ಕೂಗಿದವು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಿದ್ದೆಗಣ್ಣಿನ ಮುಖಗಳು ಅಷ್ಟು ಬೆಳಕಿಗೆ ಹೇಳಿ ಮಾಡಿಸಿದವಲ್ಲ. ಅಣ್ಣಯ್ಯಪ್ಪ ಎರಡು ಕೈಯನ್ನೂ ಎದೆಗೆ ತಂದುಕೊಂಡು, ಅಮ್ಮನೇ ಇಳಿದು ಬಂದಂತಿದೆ ಎಂದ. ವೈರು ಚುಚ್ಚಿ ಚಾರ್ಜು ಮಾಡುವ ವಸ್ತುವನ್ನು ಅಮ್ಮನಿಗೆ ಹೋಲಿಸಿದ ಯಜಮಾನ ನಮ್ಮ ಬೀದಿಗೆ ಅವನೇ ಮೊದಲಿನವನು.

ಗಂಜಿ ಬಳಿದಾಯಿತು. ಇಳಂಗೋ ಒಂದು ಬದಿ, ಪಳನಿಯಪ್ಪನ್ ಇನ್ನೊಂದು ಬದಿ ನಿಂತು ಕುಂಚಿಗೆ ಎಳೆದರು. ಎರಡು ಸಲ ಹೋಗಿ ಬಂದ ಮೇಲೆ ರಾಜಾತಕ್ಕ ಎಳೆ ನೋಡಲು ಬಂದಳು. ಮೇಲಿಂದ ಬೀಳುವ ಬಿಳಿ ಬೆಳಕಿಗೆ ಒದ್ದೆ ಗಂಜಿ ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳು ಒಮ್ಮೆ ಬಗ್ಗಿ ನೋಡಿದಳು, ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೊಮ್ಮೆ ನೋಡಿದಳು. ಎಲ್ಲ ಎಳೆಯೂ ಒಂದೇ ಥರ ಬೆಳ್ಳಗಿದೆ, ನೆರಳೇ ಇಲ್ಲ, ಇದ್ದದ್ದು ಯಾವುದು ಕಡಿದದ್ದು ಯಾವುದು ಹೇಗೆ ಹೇಳುವುದು ಎಂದಳು. ಪಾವಿನ ಕೆಳಗೆ ಕೂತರೆ, ಮೇಲಿನ ಹೊಳಪಿಗೆ ಕೆಳಗೆಲ್ಲ ಕಪ್ಪು ಕತ್ತಲೆ. ಹಯಗ್ರೀವರು, ಕಣ್ಣು ಹೊಂದಿಕೊಳ್ಳಲು ಸಮಯ ಬೇಕು ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಪಳನಿಯಪ್ಪನ್ ಕುಂಚಿಗೆ ಹಿಡಿದ ಕೈ ನಿಲ್ಲಿಸದೆ, ಬೆಳಕಿನ ಮೇಲೆ ತಪ್ಪು ಹೊರಿಸಿದರೆ ಕಣ್ಣು ಬಂದುಬಿಡುವುದೇ ಎಂದ. ಅಣ್ಣಯ್ಯಪ್ಪ ಅವಳ ಕಣ್ಣನ್ನೇ ನೋಡುತ್ತಿದ್ದ. ಅದು ಅವಳಿಗೂ ಗೊತ್ತಾಯಿತು.

ಅಷ್ಟರಲ್ಲಿ ಟಾರ್ಚು ತಾನಾಗಿ ಮಂಕಾಯಿತು. ಬಿಸಿಯಾದರೆ ತನ್ನನ್ನು ತಾನು ಕಾಪಾಡಿಕೊಳ್ಳುವ ಬುದ್ಧಿ ಇದಕ್ಕಿದೆ ಎಂದು ಹಯಗ್ರೀವರು ಹೆಮ್ಮೆಯಿಂದ ಹೇಳಿ, ಮತ್ತೆ ಟರ್ಬೋ ಒತ್ತಿದರು.

ಆ ಗಳಿಗೆಯಲ್ಲಿ ರಾಜಾತಕ್ಕನ ಕೈಯ ಮೇಲೆ ಒಂದು ಹುಳ ಬಂದು ಕೂತಿತು. ನಾಲ್ಕು ಉದ್ದನೆಯ ರೆಕ್ಕೆಯ ಕಂದು ಹುಳ. ಅವಳು ಅದನ್ನು ಕಣ್ಣಿನ ಹತ್ತಿರ ತಂದು ನೋಡಿದಳು. ನೆಲದ ಕಡೆ ತಿರುಗಿ ಒಮ್ಮೆ ಮೂಗೆಳೆದಳು.

“ಈಸಲು,” ಎಂದಳು.

ಮಳೆ ಬಿದ್ದು ನೆಲ ಬೆಚ್ಚಗಾದರೆ ಗೆದ್ದಲಿನ ಹುತ್ತದಿಂದ ಈಸಲು ಹಾರುವುದು ಇಲ್ಲಿ ಯಾರಿಗೆ ಗೊತ್ತಿಲ್ಲ? ಬೆಳಕಿಗೆ ಅವು ಮುತ್ತುವುದು ಯಾರಿಗೆ ಗೊತ್ತಿಲ್ಲ? ಆದರೂ ಅಷ್ಟು ಜನ ನೇಕಾರರು, ಮಳೆಯ ಮರುದಿನ, ಹಸಿ ಗಂಜಿಯ ಪಾವಿನ ಮೇಲೆ ನಾಲ್ಕು ಸಾವಿರ ಲೂಮೆನ್ ತೂಗುಹಾಕಿ ಬಾಯಿಬಿಟ್ಟು ನೋಡುತ್ತಾ ನಿಂತಿದ್ದೆವು. ಲಾಂದ್ರದ ಕಾಲದಲ್ಲಿ ಆ ಎರಡು ವಿಷಯ ಸೇರಿಸಿ ಯೋಚಿಸುವ ಅಗತ್ಯ ಬಿದ್ದಿರಲಿಲ್ಲ, ಅಷ್ಟೇ.

ಒಂದು ನಿಮಿಷದಲ್ಲಿ ಪಾವಡಿಯ ಗಾಳಿ ತುಂಬ ರೆಕ್ಕೆ. ಟಾರ್ಚಿಗೆ ಬಡಿದು ಕೆಳಗೆ ಬಿದ್ದವೆಲ್ಲ ನೇರವಾಗಿ ಪಾವಿನ ಮೇಲೆ. ಬಿದ್ದವು ಗಂಜಿಗೆ ಅಂಟಿಕೊಂಡು ಒದ್ದಾಡುತ್ತಿದ್ದವು. ಪಳನಿಯಪ್ಪನ್ ಕುಂಚಿಗೆ ಬಿಟ್ಟು ದೂರ ಸರಿದ. ಇಳಂಗೋ ಹೆಗಲ ಮೇಲಿನ ಟವಲು ಎತ್ತಿ ಬೀಸಲು ಹೋದ.

“ಒಡೀಬ್ಯಾಡ ಲೇ,” ಎಂದಳು ರಾಜಾತಕ್ಕ. “ಅದರ ಮೈಯೆಲ್ಲಾ ಕೊಬ್ಬು. ಒಡುದ್ರೆ ನೂಲಿಗೆ ಎಣ್ಣೆ ಇಡೀತದೆ.”

ಹಯಗ್ರೀವರು ಟಾರ್ಚು ಆರಿಸಲು ಕೈ ಎತ್ತಿದರು. ಗಾಬರಿಯಲ್ಲಿ ಯಾವ ಗುಂಡಿ ಒತ್ತಿದರೋ, ಅದು ಆರುವ ಬದಲು ಪಟಪಟನೆ ಮಿಂಚತೊಡಗಿತು. ಅಪಾಯದಲ್ಲಿರುವವರು ಸಹಾಯ ಕೇಳುವುದಕ್ಕೆ ಇರುವ ಹಂತವಂತೆ ಅದು. ಆ ಬೆಳಗ್ಗೆ ಟಾರ್ಚು ಸಮಯ ನೋಡಿ ಮಾಡಿದ ಕೆಲಸ ಅದೊಂದೇ.

“ಆರಿಸ್ಬ್ಯಾಡಿ ಸಾರ್. ಆರಿಸಿದ್ರೆ ಮೇಲಿರೋದೆಲ್ಲಾ ಇಲ್ಲೇ ಇಳೀತದೆ. ಬಿಚ್ಕೊಂಡು ನಡೀರಿ.”

ಪಾಪಿರೆಡ್ಡಿಪಟ್ಟಿಯ ಕಡೆ ಈಸಲು ಹಿಡಿಯುವ ಕ್ರಮವನ್ನು ಅವಳು ಆಮೇಲೆ ನಮಗೆ ಹೇಳಿದಳು. ಹುತ್ತದ ಹತ್ತಿರ ಅಗಲವಾದ ಪಾತ್ರೆಯಲ್ಲಿ ನೀರಿಟ್ಟು, ನೀರಿನ ಮೇಲೆ ದೀಪ ಹಿಡಿದರೆ ಊರಿನ ಈಸಲೆಲ್ಲ ಬಂದು ಅದರಲ್ಲಿ ಬೀಳುತ್ತದೆ. ಹುರಿದು ತಿನ್ನುವವರು ಹುರಿದು ತಿನ್ನುತ್ತಾರೆ, ಉಳಿದವರು ಕೋಳಿಗೆ ಹಾಕುತ್ತಾರೆ. ಆದರೆ ಆಗ ವಿವರಿಸಲು ಅವಳಿಗೆ ಹೊತ್ತಿರಲಿಲ್ಲ. ಗಂಜಿ ಕಲಸಿದ ದೊಡ್ಡ ಬೋಸಿಯನ್ನು ತೊಳೆದು ನೀರು ತುಂಬಿಸಿ, ಪಾವಡಿಯ ಆ ತುದಿಗೆ, ನೂರು ಹೆಜ್ಜೆ ಆಚೆಗೆ, ಒಯ್ದಿಡಲು ಮಗನಿಗೆ ಹೇಳಿದಳು. ಹಯಗ್ರೀವರು ಟಾರ್ಚನ್ನು ಆ ನೀರಿನ ಮೇಲೆ ಹಿಡಿದು ಅಲ್ಲಾಡದೆ ನಿಲ್ಲಬೇಕು ಎಂದಳು. ಇದನ್ನು ಮರಕ್ಕೆ ಕಟ್ಟಬಹುದಲ್ಲ ಎಂದು ಅವರು ಕೇಳಿದರು.

“ಅಲ್ಲಿ ಮರ ಇಲ್ಲ ಸಾರ್. ನೀವಿದ್ದೀರಿ.”

ಅವರು ಹೋದರು. ಹುಳದ ಮೋಡ ಅವರ ಹಿಂದೆ ಹೋಯಿತು. ಕೈ ಮುಂದಕ್ಕೆ ಚಾಚಿ, ಮಿಣಮಿಣ ಮಿಂಚುವ ಟಾರ್ಚು ಹಿಡಿದು, ತಲೆ, ಕಿವಿ, ಅಂಗಿಯ ಜೇಬಿನ ತುಂಬ ಈಸಲು ಮೆತ್ತಿಕೊಂಡು ನಿಂತ ಅವರನ್ನು ದೂರದಿಂದ ನೋಡಿದರೆ ಯಾರೋ ಹರಕೆ ಹೊತ್ತವರಂತೆ ಕಾಣುತ್ತಿದ್ದರು. ಅವರು ಮರಕ್ಕೆ ಆನಿಸಿ ಬಂದ ಫೋನು ತನ್ನ ಪಾಡಿಗೆ ಇತ್ತ ನಮ್ಮನ್ನೇ ನೋಡುತ್ತಿತ್ತು.

ಪಾವಡಿ ಮತ್ತೆ ಕತ್ತಲಾಯಿತು. ಗೂಟದ ಲಾಂದ್ರ ಮೊದಲಿನಂತೆಯೇ ಉರಿಯುತ್ತಿತ್ತು. ಅದರ ಗಾಜಿನ ಸುತ್ತ ನಾಲ್ಕೈದು ಹುಳವಷ್ಟೇ ಇದ್ದವು. ಗಂಜಿ ಒಣಗಿದರೆ ರೆಕ್ಕೆಗಳು ನೂಲಿನೊಳಗೇ ಕಟ್ಟಿಹೋಗುತ್ತವೆ, ಕುಂಚಿಗೆ ಎಳೆದರೆ ಹುಳವೆಲ್ಲ ಅರೆದುಹೋಗುತ್ತದೆ. ಹಾಗಾಗಿ ರಾಜಾತಕ್ಕ ಪಾವಿನ ಮೇಲೆ ಬೆರಳಿನಿಂದ ನೀರು ಚಿಮುಕಿಸುತ್ತಾ ಹೋಗಬೇಕೆಂದು ಶರಣ್ಯಳಿಗೆ ಹೇಳಿ, ಉಳಿದವರನ್ನು ಎರಡು ಬದಿಯಲ್ಲಿ ಸಾಲಾಗಿ ನಿಲ್ಲಿಸಿದಳು. ಹುಳ ಎತ್ತಲು ಯಾರ ಕೈಯಾದರೂ ಆದೀತು. ರೆಕ್ಕೆ ಹಿಡಿದು ಎತ್ತಬೇಕು, ಮೈ ಮುಟ್ಟಬಾರದು. ನಾವು ಎತ್ತಿದೆವು. ಬೇರೆ ದಿನವಾದರೆ ಅತ್ತೆಗೆ ತಮಿಳಿನಲ್ಲೇ ಉತ್ತರ ಕೊಡುವ ಶರಣ್ಯ ಅವತ್ತು ಒಂದು ಮಾತೂ ಆಡದೆ, ನೀರು ಮುಗಿದಾಗ ಓಡಿಹೋಗಿ ಮತ್ತೆ ತಂದಳು. ಪಳನಿಯಪ್ಪನ್ ಸ್ವಲ್ಪ ಹೊತ್ತು ಕೈಕಟ್ಟಿ ನಿಂತಿದ್ದವನು ಬೇರೆ ಗತಿ ಕಾಣದೆ ಬಂದು ಸಾಲಿನಲ್ಲಿ ಸೇರಿಕೊಂಡ.

ರಾಜಾತಕ್ಕ ಲಾಂದ್ರವನ್ನು ಗೂಟದಿಂದ ಇಳಿಸಿ, ಪಾವಿನ ಕೆಳಗೆ ನೆಲಕ್ಕೆ ಹತ್ತಿರ ಹಿಡಿದು ಕೂತಳು. ಬತ್ತಿಯ ಹಳದಿ ಬೆಳಕು ಪಕ್ಕದಿಂದ ಬಿದ್ದು, ಜೋತ ಎಳೆಗಳ ನೆರಳು ಅವಳ ಕೈಯ ಮೇಲೆ ಆಡಿತು. ಕೈಯ ಹಿಂಬದಿ ನೂಲಿಗೆ ತಾಗಿಸಿ ಸರಿಯತೊಡಗಿದಳು. ನಿಂತಳು, ಹೊಸೆದಳು, ಸರಿದಳು. ತುಟಿ ಅಲ್ಲಾಡುತ್ತಿತ್ತು. ಅಮ್ಮನ ಹೆಸರೋ ಹಯಗ್ರೀವರಿಗೆ ಬೈಗುಳವೋ ಹತ್ತಿರವಿದ್ದ ನನಗೂ ಕೇಳಿಸಲಿಲ್ಲ. ನಲವತ್ತು ಗಜ ಮುಗಿಯುವಷ್ಟರಲ್ಲಿ ಹದಿನಾಲ್ಕು ಎಳೆ ಸೇರಿಸಿದ್ದಳು. ಕುಂಚಿಗೆ ಮತ್ತೆ ಎರಡು ಸಲ ಹೋಗಿ ಬಂತು. ಆಕಾಶ ಬೆಳ್ಳಗಾಗುತ್ತಿತ್ತು.

ಆಗ ಅಣ್ಣಯ್ಯಪ್ಪ ಬಾಯಿ ತೆರೆದ. ಅಮ್ಮನೇ ಇಳಿದು ಬಂದಂತಿದೆ ಎಂದಿದ್ದ ಆ ಬಾಯಿಗೆ ಈಗ ಬೇರೆ ಮಾತು ಬಂದಿತ್ತು.

“ಎಲ್ಲಾ ಸರಿ ರಾಜಾತಿ. ಉಳ ಬಿದ್ದ ಪಾವು ಅಮ್ಮಂಗೆ ಆಗ್ತದಾ? ನಾಳೆ ಯಾರಾರ ಕೇಳಿದ್ರೆ ನಾನೇನು ಏಳ್ಲಿ?”

ಪಳನಿಯಪ್ಪನ್ ಅದನ್ನೇ ಕಾಯುತ್ತಿದ್ದವನಂತೆ ತಲೆಯಾಡಿಸಿದ. ರಾಜಾತಕ್ಕ ಮಂಡಿ ಹಿಡಿದುಕೊಂಡು ಎದ್ದಳು. ಲಾಂದ್ರವನ್ನು ಅವನ ಮುಖದ ಹತ್ತಿರಕ್ಕೆ ಎತ್ತಿದಳು. ಗಾಜಿನ ಬುಡದಲ್ಲಿ ಎರಡು ಸುಟ್ಟ ರೆಕ್ಕೆಗಳಿದ್ದವು.

“ಇದು ಅಮ್ಮನ ದೀಪ ತಾನೆ ಯಜಮಾನ್ರೇ?”

“ಊಂ.”

“ಇದಕ್ಕೆ ದಿನಾ ಉಳ ಬೀಳ್ತದೆ. ಯಾವತ್ತಾರ ಅಮ್ಮನ ದೀಪಾನ ಈಚೆಗೆ ಬಿಸಾಕಿದ್ದೀರಾ? ಉಳ ತೆಗೆದು ಬತ್ತಿ ಏರಿಸ್ತೀರಿ. ನಾನೂ ಅಷ್ಟೇ ಮಾಡಿರೋದು.” ಲಾಂದ್ರವನ್ನು ಪಾವಿನ ಕಡೆ ತಿರುಗಿಸಿದಳು. “ಎಳೆ ಎಲ್ಲಾರ ತಪ್ಪಿದ್ರೆ ತೋರ್ಸಿ. ಕಣ್ಣಿರೋರು ನೀವು.”

ಅಣ್ಣಯ್ಯಪ್ಪ ಪಾವಿನ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಡೆದ. ಮೇಲಿಂದ ನೋಡಿದ, ಬಗ್ಗಿ ಕೆಳಗಿಂದ ನೋಡಿದ, ಕೈ ಸವರಿದ. ಬೆಳಗಾಗಿತ್ತು, ನೋಡಲು ಯಾರ ದೀಪವೂ ಬೇಕಿರಲಿಲ್ಲ. ಕೊನೆಗೆ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, ಪಾವು ಸುತ್ತಿ ಎಂದ. ಪಳನಿಯಪ್ಪನ್ ಮನೆಯ ನೂಲು ಮುಂದಿನ ವರ್ಷದವರೆಗೆ ಒಳಗೇ ಉಳಿಯಿತು.

ಆ ತುದಿಯಲ್ಲಿ ಹಯಗ್ರೀವರನ್ನು ಎಲ್ಲರೂ ಮರೆತಿದ್ದೆವು. ಸೂರ್ಯ ಬಂದ ಮೇಲೂ ಅವರು ಹಾಗೇ ನಿಂತಿದ್ದರು, ಏಕೆಂದರೆ ಸಾಕು ಎಂದು ಯಾರೂ ಹೇಳಿರಲಿಲ್ಲ. ಟಾರ್ಚು ಅಷ್ಟರಲ್ಲಿ ಚಾರ್ಜು ಮುಗಿದು ತಾನೇ ಆರಿಹೋಗಿತ್ತು. ಬೋಸಿಯಲ್ಲಿ ನೀರು ಕಾಣದಷ್ಟು ಈಸಲು ತುಂಬಿತ್ತು. ಅವರ ಬಗ್ಗೆ ಒಂದು ಮಾತು ಹೇಳಬೇಕು, ಅವರು ಕೆಟ್ಟ ಮನುಷ್ಯರಲ್ಲ. ತಲೆಯಿಂದ ರೆಕ್ಕೆ ಕೊಡವಿಕೊಂಡು ಬಂದು, ಪಾವು ಉಳಿಯಿತಾ ಎಂದು ಮೊದಲು ಕೇಳಿದರು. ಉಳಿಯಿತು ಎಂದ ಮೇಲೆಯೇ ನೋಟ್‌ಬುಕ್ಕು ತೆಗೆದರು. ಆದರೆ ತೆಗೆದರು. ಬಳಸಿದವರ ಅಭಿಪ್ರಾಯ ಬೇಕು, ಈ ಟಾರ್ಚಿನ ಬಗ್ಗೆ ಏನನ್ನಿಸಿತು, ಐದಕ್ಕೆ ಎಷ್ಟು ಕೊಡುತ್ತೀರಿ ಎಂದು ರಾಜಾತಕ್ಕನನ್ನು ಕೇಳಿದರು.

ಅವಳು ಅದನ್ನು ಕೈಗೆ ತೆಗೆದುಕೊಂಡಳು. ಇನ್ನೂ ಬಿಸಿಯಾಗಿತ್ತು. ತಿರುಗಿಸಿ ನೋಡಿದಳು.

“ಈಸಲು ಇಡಿಯೋಕೆ ಬೋ ಚೆನ್ನಾಗೈತೆ ಸಾರ್,” ಎಂದಳು. “ಐದಕ್ಕೆ ಐದೂ ಆಕ್ಕೊಳ್ಳಿ.”

ಬೋಸಿಯ ಈಸಲನ್ನು ಮೂಲೆಮನೆಯ ಕೋಳಿಗಳಿಗೆ ಸುರಿದರು. ಟಾರ್ಚನ್ನು ಮನಸಾರೆ ಮೆಚ್ಚಿದವರೆಂದರೆ ಅವೇ. ಹಯಗ್ರೀವರ ವೀಡಿಯೋ ಮುಂದಿನ ವಾರ ಬಂತು. ಶರಣ್ಯ ತೋರಿಸಿದಳು. ಬಯಲಿನ ಬಳಕೆಗೆ ನಾಲ್ಕೂವರೆ ಮಾರ್ಕು, ಬಿಸಿಯಾಗುವುದಕ್ಕೆ ಅರ್ಧ ಕಡಿಮೆ. ಪಾವಡಿ ಹಗಲಾದದ್ದಿತ್ತು, ಅಣ್ಣಯ್ಯಪ್ಪ ಕೈಮುಗಿದದ್ದಿತ್ತು, ರಾಜಾತಕ್ಕ ಐದಕ್ಕೆ ಐದು ಎಂದದ್ದೂ ಇತ್ತು. ಅದರ ಹಿಂದಿನ ಮಾತು ಇರಲಿಲ್ಲ. ಈಸಲು ಒಂದೂ ಇರಲಿಲ್ಲ. ಅವಳು ಪೂರ್ತಿ ನೋಡಿ, ಮೂವತ್ತನಾಲ್ಕು ವರ್ಷ ವಿಮೆ ಮಾರಿದ ಮನುಷ್ಯ ಎಂದಷ್ಟೇ ಹೇಳಿ ರಾಟೆಯ ಮುಂದೆ ಕೂತಳು.

ಇಳಂಗೋ ಸೀರೆ ನೇಯ್ದ. ಅರಿಶಿನ ಬಣ್ಣದ ಒಡಲು, ಕುಂಕುಮ ಬಣ್ಣದ ಅಂಚು. ಉದ್ದಕ್ಕೂ ಒಂದು ಗೆರೆಯಿರಲಿಲ್ಲ. ನವರಾತ್ರಿಯ ಮೊದಲ ಬೆಳಗ್ಗೆ ಅದನ್ನು ತಟ್ಟೆಯಲ್ಲಿಟ್ಟು ರಾಜಾತಕ್ಕನೇ ಗುಡಿಗೆ ಹೊತ್ತುಕೊಂಡು ಹೋದಳು. ಒಳಗೆ ಉಡಿಸುವಷ್ಟು ಹೊತ್ತು ಪರದೆ ಮುಚ್ಚಿತ್ತು. ಅವಳೂ ನಾನೂ ಕಂಬದ ಪಕ್ಕ ನಿಂತಿದ್ದೆವು. ಪರದೆ ಸರಿಯಿತು, ಮಂಗಳಾರತಿ ಎದ್ದಿತು, ಜನ ಕೈಮುಗಿದರು. ಅಮ್ಮ ಆ ಸೀರೆಯಲ್ಲಿ ತುಂಬಿಕೊಂಡು ನಿಂತಿದ್ದಳು.

ರಾಜಾತಕ್ಕ ಕತ್ತು ಚಾಚಿದಳು, ಕಣ್ಣು ಕಿರಿದು ಮಾಡಿದಳು. ಆಮೇಲೆ ಅದನ್ನು ಬಿಟ್ಟು ನನ್ನ ತೋಳು ಹಿಡಿದುಕೊಂಡಳು. ಅಷ್ಟು ದೂರ ಅವಳಿಗೆ ಕಾಣುತ್ತಿರಲಿಲ್ಲ. ಅಷ್ಟು ದಿನದಲ್ಲಿ ಅವಳ ದನಿಯಲ್ಲಿ ಕೊಂಕು ಇಲ್ಲದ ಮಾತು ನಾನು ಕೇಳಿದ್ದು ಅದೊಂದೇ.

“ಅಂಚು ಮುಂದಕ್ಕೆ ಬಂದೈತಾ?”

“ಬಂದೈತೆ ಅಕ್ಕ.”

“ನೆರಿಗೆ ಸಮ ಕೂತೈತಾ?”

“ಕೂತೈತೆ.”

ಅವಳು ತಲೆಯಾಡಿಸಿದಳು. ಬಲಗೈಯ ಹಿಂಬದಿಯನ್ನು ಎಡಗೈಯಿಂದ ಒಮ್ಮೆ ಸವರಿಕೊಂಡು, ಕಣ್ಣು ಮುಚ್ಚಿ ಕೈಮುಗಿದಳು.